ಸ್ಟ್ರೀಟ್‌ಕಂಪ್ಲೀಟ್: ಪೇಟೆಯಲ್ಲಿ ಸಲೀಸು, ತೋಟದಲ್ಲಿ ಸ್ವಲ್ಪ ಕಷ್ಟ

ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ (ಯಾರು ಬೇಕಾದರೂ ಸೇರಿಸಿ ತಿದ್ದಬಹುದಾದ ಉಚಿತ ನಕ್ಷೆ) ಕೊಡಗಿನ ವಿಳಾಸಗಳನ್ನು ಸೇರಿಸೋಕೆ ನಾನು ಜಾಸ್ತಿ ಬಳಸಿರುವುದು ಸ್ಟ್ರೀಟ್‌ಕಂಪ್ಲೀಟ್ ಆ್ಯಪನ್ನೇ. ಪುಕ್ಕಟೆ, ಜಾಹೀರಾತಿನ ಕಾಟ ಇಲ್ಲ. ಕೆಲವು ಮಳೆಗಾಲ ಕಳೆದ ಮೇಲೆ ಬರೆಯುತ್ತಿರುವುದರಿಂದ ಬೈಗುಳವೂ ಇದೆ.

ಕೆಲಸ ಸುಲಭ. ನಕ್ಷೆಯಲ್ಲಿ ಏನು ಬಿಟ್ಟುಹೋಗಿದೆಯೋ ಅಲ್ಲಿ ಒಂದು ಪ್ರಶ್ನೆ ಕಾಣುತ್ತದೆ. ಈ ಮನೆಯ ನಂಬರ್ ಏನು? ಈ ರಸ್ತೆಯ ಹೆಸರೇನು? ಗೇಟಿನ ಮುಂದೆ ನಿಂತು ಉತ್ತರ ಒತ್ತಿದರೆ ಆಯ್ತು. ಮಡಿಕೇರಿ, ಕುಶಾಲನಗರದ ಬಡಾವಣೆಗಳಲ್ಲಿ ಸಂಜೆ ವಾಕಿಂಗ್ ಹೋದರೆ ಒಂದು ಬೀದಿ ಮುಗಿಯುತ್ತದೆ. ನಾಯಿ ಇಲ್ಲದ ಬೀದಿಯಾದರೆ ಇನ್ನೂ ಬೇಗ.

ಪೇಟೆ ದಾಟಿದರೆ ಕತೆ ಬೇರೆ. ನಕ್ಷೆಯಲ್ಲಿ ಕಟ್ಟಡದ ಗುರುತೇ ಇಲ್ಲದಿದ್ದರೆ ಆ್ಯಪ್ ಅದರ ನಂಬರ್ ಕೇಳುವುದಿಲ್ಲ. ಕಾಫಿ ತೋಟದೊಳಗಿನ ಮನೆಗಳು ಸಿಲ್ವರ್ ಓಕ್, ಹಲಸಿನ ನೆರಳಲ್ಲಿ ಮುಚ್ಚಿಹೋಗಿರುತ್ತವೆ. ಉಪಗ್ರಹ ಚಿತ್ರದಲ್ಲಿ ಬರೀ ಹಸಿರು. ಮೊದಲು ಮನೆಯನ್ನು ನಕ್ಷೆಯಲ್ಲಿ ನಾವೇ ಗುರುತು ಮಾಡಬೇಕು. ಅದೇ ಮರಗಳಡಿ ಜಿಪಿಎಸ್ ಕೂಡ ಅಲೆದಾಡುತ್ತದೆ. ಅಂಗಳದಲ್ಲೇ ನಿಂತಿದ್ದರೂ 'ನಿಜವಾಗಿ ಸ್ಥಳಕ್ಕೆ ಹೋಗಿ ನೋಡಿದಿರಾ?' ಅಂತ ಆ್ಯಪ್ ಅನುಮಾನ ಪಡುತ್ತದೆ. ಕಾಲಲ್ಲಿ ಜಿಗಣೆ ಕಚ್ಚಿಕೊಂಡಿರುವಾಗ ಈ ಪ್ರಶ್ನೆ ಕೇಳಿದರೆ ಸಿಟ್ಟು ಬರಲ್ವಾ?

ತೋಟದ ಮನೆಗೆ ಬೀದಿ ಎಲ್ಲಿಂದ ಬರಬೇಕು? ನಮ್ಮಲ್ಲಿ ವಿಳಾಸ ಅಂದರೆ ಮನೆ ಹೆಸರು, ಗ್ರಾಮ, ಅಂಚೆ, ತಾಲೂಕು. ನಂಬರಿನ ಬದಲು ಮನೆ ಹೆಸರು, ಬೀದಿಯ ಬದಲು ಊರಿನ ಹೆಸರು ಕೊಡೋಕೆ ಆ್ಯಪ್‌ನಲ್ಲಿ ಅವಕಾಶ ಇದೆ. ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದಿದ್ದು ಅದೇ. ಗೇಟಿನ ಬೋರ್ಡಿನಲ್ಲಿ ಮಾಲೀಕರ ಹೆಸರಿದ್ದರೆ ಅದನ್ನು ಬಿಟ್ಟುಬಿಡುತ್ತೇನೆ. ಯಾರು ಎಲ್ಲಿ ಇದ್ದಾರೆ ಅಂತ ಜಗತ್ತಿಗೆ ಸಾರುವುದು ನಕ್ಷೆಯ ಕೆಲಸ ಅಲ್ಲ.

ದೊಡ್ಡ ಕೊರತೆ ಪಿನ್ ಕೋಡ್. ನನಗೆ ಈ ಆ್ಯಪ್ ಒಮ್ಮೆಯೂ ಮನೆಯ ಪಿನ್ ಕೇಳಿಲ್ಲ. ಬರೆದಿಟ್ಟುಕೊಂಡು ಬಂದು, ಇದೇ ನಕ್ಷೆಯನ್ನು ತಿದ್ದುವ ಇನ್ನೊಂದು ಆ್ಯಪ್ ವೆಸ್ಪುಚಿಯಲ್ಲಿ ಸೇರಿಸುತ್ತೇನೆ. ಅದು ಎಲ್ಲ ಟ್ಯಾಗ್‌ಗಳನ್ನೂ, ಅಂದರೆ ನಕ್ಷೆಯ ವಿವರಗಳನ್ನೂ, ತಿದ್ದಲು ಬಿಡುತ್ತದೆ, ಆದರೆ ಹೊಸಬರಿಗೆ ತಲೆನೋವು.

ಪಿನ್ ಸಂಗ್ರಹಿಸುವುದರಲ್ಲೂ ಒಂದು ಉಪಾಯ ಬೇಕು. 'ಪಿನ್ ಎಷ್ಟು?' ಅಂತ ಕೇಳಿದರೆ ಸುಮಾರು ಜನ ಸುಮ್ನೆ ಮಡಿಕೇರಿಯ 571201 ಹೇಳಿಬಿಡುತ್ತಾರೆ. 'ಅಣ್ಣಾ, ನಿಮ್ಮ ಮನೆ ಯಾವ ಪೋಸ್ಟಿಗೆ ಬರುತ್ತೆ?' ಅಂತ ಕೇಳಿ. ಥಟ್ಟನೆ ಸರಿಯಾದ ಉತ್ತರ ಸಿಗುತ್ತದೆ. 1972ರಲ್ಲಿ ಶುರುವಾದ ಈ ಆರಂಕಿಯಲ್ಲಿ ಕೊನೆಯ ಮೂರು ಅಂಕಿ ಹೇಳುವುದು ಅಂಚೆ ಕಚೇರಿಯನ್ನು, ಗ್ರಾಮದ ಗಡಿಯನ್ನಲ್ಲ. ಹಲವು ಶಾಖಾ ಅಂಚೆ ಕಚೇರಿಗಳಿಗೆ ಒಂದೇ ಪಿನ್ ಇರುತ್ತದೆ. ಅಕ್ಕಪಕ್ಕದ ಎರಡು ಮನೆಗಳಿಗೆ ಬೇರೆ ಬೇರೆ ಪಿನ್ ಇದ್ದರೂ ಆಶ್ಚರ್ಯ ಇಲ್ಲ. ಪಿನ್ ನೋಡೋಕೆ ಶಾಲೆ, ಪಂಚಾಯಿತಿ ಬೋರ್ಡುಗಳು ಒಳ್ಳೆಯವು. ತಾಲೂಕಿನ ವಿಷಯದಲ್ಲಿ ಮಾತ್ರ ಅವನ್ನು ನಂಬಬೇಡಿ. ಗೋಣಿಕೊಪ್ಪ ಪೊನ್ನಂಪೇಟೆ ತಾಲೂಕಿಗೆ ಸೇರಿದ ಮೇಲೂ ಹಳೇ ಬೋರ್ಡುಗಳಲ್ಲಿ ವಿರಾಜಪೇಟೆಯೇ ಇದೆ. ಪಿನ್ ಮಾತ್ರ ಅದೇ 571213. ಮತ್ತೆ, ಗೂಗಲ್ ಮ್ಯಾಪ್ ನೋಡಿ ತುಂಬಿಸಬೇಡಿ. ಅಲ್ಲಿಂದ ನಕಲು ಮಾಡಲು ಲೈಸೆನ್ಸ್ ಒಪ್ಪುವುದಿಲ್ಲ.

ನೆಟ್‌ವರ್ಕ್ ಇಲ್ಲದ ಕಡೆ ತೊಂದರೆ ಆಗಿಲ್ಲ. ಹೊರಡುವ ಮೊದಲು ಆ ಜಾಗವನ್ನು ಡೌನ್‌ಲೋಡ್ ಮಾಡಿಕೊಂಡರೆ ಸಾಕು, ಉತ್ತರಗಳು ವೈಫೈ ಸಿಕ್ಕಾಗ ಹೋಗುತ್ತವೆ. ಮಳೆಯಲ್ಲಿ ಒದ್ದೆ ಸ್ಕ್ರೀನ್ ತಾನೇ ಏನೇನೋ ಒತ್ತಿಕೊಳ್ಳುತ್ತದೆ, ಅದಕ್ಕೆ ಆ್ಯಪ್ ಏನು ಮಾಡೀತು. ತಪ್ಪು ಉತ್ತರವನ್ನು ಹಿಂದೆ ತೆಗೆದುಕೊಳ್ಳುವ ಬಟನ್ ಇದೆ.

ಐದಕ್ಕೆ ನಾಲ್ಕು ಸ್ಟಾರ್. ಶುರು ಮಾಡುವವರು ಮಳೆ ನಿಂತ ಮೇಲೆ, ಹುತ್ತರಿಗೆ ಮುಂಚೆ ಹೊರಡಿ. ಕಾಫಿ ಕೊಯ್ಲು ಶುರುವಾದರೆ ಪೋಸ್ಟ್ ಯಾವುದು ಅಂತ ಕೇಳೋಕೆ ಮನೆಯಲ್ಲಿ ಯಾರೂ ಸಿಗುವುದಿಲ್ಲ.