ಯೂಟ್ಯೂಬ್ ಕಿಡ್ಸ್ ಸಾಕಾ, ಪೋಷಕರ ನಿಗಾ ಇರುವ ಖಾತೆ ಬೇಕಾ?

ಮಗು ಬಾಲಗೀತೆ ನೋಡುತ್ತಾ ಕೂತಿರುತ್ತದೆ. ನಾಲ್ಕನೇ ವಿಡಿಯೋ ಹೊತ್ತಿಗೆ ಐಟಂ ಸಾಂಗ್ ಬಂದಿರುತ್ತದೆ. ಇದನ್ನು ತಡೆಯಲು ಯೂಟ್ಯೂಬ್‌ನಲ್ಲೇ ಎರಡು ದಾರಿಗಳಿವೆ.

ಚಿಕ್ಕ ಮಕ್ಕಳಿಗೆ ನನ್ನ ಆಯ್ಕೆ ಯೂಟ್ಯೂಬ್ ಕಿಡ್ಸ್ ಆಪ್. ಅದರಲ್ಲಿ 4 ವರ್ಷದವರೆಗೆ, 5ರಿಂದ 8, 9ರಿಂದ 12 ಎಂದು ಮೂರು ಹಂತಗಳಿವೆ. ಸರ್ಚ್ ಬಂದ್ ಮಾಡಬಹುದು, ಟೈಮರ್ ಇಡಬಹುದು. ನನಗೆ ಜಾಸ್ತಿ ಹಿಡಿಸಿದ್ದು, ನಾವು ಒಪ್ಪಿದ ವಿಡಿಯೋ, ಚಾನೆಲ್ ಮಾತ್ರ ಕಾಣಿಸುವ ಸೆಟ್ಟಿಂಗ್. ಕೂತು ಆರಿಸಲು ಒಂದು ಸಂಜೆ ಬೇಕು. ಆದರೆ ಆಮೇಲೆ ನೆಮ್ಮದಿ. ಉಳಿದ ಹಂತಗಳಲ್ಲಿ ಸೋಸುವ ಕೆಲಸ ಬಹುಪಾಲು ಯಂತ್ರದ್ದು, ಅದರ ಕಣ್ಣು ತಪ್ಪಿಸಿ ಕೆಲವು ಬಂದೇ ಬರುತ್ತವೆ.

ಹತ್ತು ದಾಟಿದವರಿಗೆ ಈ ಆಪ್ ಪುಟಾಣಿಗಳದ್ದು ಅನ್ನಿಸುತ್ತದೆ, ಅಲ್ವಾ? ಅವರಿಗೆ ನಿಗಾ ಖಾತೆ ಸರಿ. ಇದು ಮಾಮೂಲಿ ಯೂಟ್ಯೂಬೇ, ಆದರೆ 9+ ಅಥವಾ 13+ ಮಟ್ಟವನ್ನು ನೀವೇ ಆರಿಸುತ್ತೀರಿ. ಮೂರನೇ ಮಟ್ಟ ಬಹುತೇಕ ಎಲ್ಲವನ್ನೂ ತೆರೆದುಬಿಡುತ್ತದೆ, ದಯವಿಟ್ಟು ಅದು ಬೇಡ.

ಟಿವಿಯಲ್ಲಿ ಅಪ್ಪ ಅಮ್ಮನ ಖಾತೆಯೇ ತೆರೆದಿದ್ದರೆ ಎರಡೂ ಸುಮ್ನೆ. ಮೊದಲು ಅಲ್ಲಿ ಮಗುವಿನ ಖಾತೆ ಹಾಕಿ.