ಹಳದಿ ಬಿಲ್ಲುಗಳ ಮೊತ್ತ: ಗೆಟ್.ಸೆಲ್ಲಾ, ವಿಬಿಎನಾ?

ಮುಂಬೈ ಮಾಟುಂಗದಲ್ಲಿ ನಮ್ಮೂರಿನವರದ್ದೇ ಒಂದು ಹೋಟೆಲಿನ ಲೆಕ್ಕ ನಾನು ನೋಡುತ್ತೇನೆ. ಹಾಲು, ತರಕಾರಿ, ಗ್ಯಾಸು ಯಾವುದೇ ಇರಲಿ, ಹಣ ಕೊಟ್ಟ ಬಿಲ್ಲಿಗೆ ಧಣಿಗಳು ಎಕ್ಸೆಲ್‌ನಲ್ಲಿ ಹಳದಿ ಬಳಿಯುತ್ತಾರೆ. ಬೇರೆ ಗುರುತಿಲ್ಲ. ಮಾರ್ಚ್ ಕೊನೆಗೆ ಹಳದಿಯ ಮೊತ್ತ ಬೇಕಾಯಿತು.

ಸೆಲ್ಲಿನ ವಿವರ ಹೇಳುವ ಸೆಲ್ ಫಂಕ್ಷನ್‌ನಲ್ಲಿ 'ಕಲರ್' ಅಂತ ಇದೆ ಅಲ್ವಾ, ಅದನ್ನೇ ಮೊದಲು ಹಾಕಿದೆ. ಮೈನಸ್ ಅಂಕಿಗೆ ಬಣ್ಣ ಬರುವ ಫಾರ್ಮ್ಯಾಟ್ ಇದೆಯೇ ಅನ್ನುವುದಷ್ಟೇ ಅದಕ್ಕೆ ಗೊತ್ತು. ಬಣ್ಣದ ಫಿಲ್ಟರ್ ಹಾಕಿ ಸಬ್‌ಟೋಟಲ್ 109 (ಕಾಣುವ ಸಾಲುಗಳನ್ನಷ್ಟೇ ಕೂಡುವುದು) ಕೊಟ್ಟರೆ ಮೊತ್ತ ಬರುತ್ತದೆ. ಆದರೆ ಪ್ರತಿ ಸಪ್ಲೈಯರ್‌ಗೂ ಮತ್ತೆ ಮತ್ತೆ ಅದೇ ಕೆಲಸ.

ಆಮೇಲೆ ಹಿಡಿದದ್ದು ಗೆಟ್.ಸೆಲ್. ಸೆಲ್ಲಿನ ಬಣ್ಣ, ಅಕ್ಷರ ಮುಂತಾದ್ದನ್ನು ಹೇಳುವ ಇದು 1992ರ ಎಕ್ಸೆಲ್ 4.0 ಕಾಲದ ಮ್ಯಾಕ್ರೋ, ಅಂದರೆ ಎಕ್ಸೆಲ್‌ಗೆ ಕೆಲಸ ಹೇಳುವ ಹಳೆಯ ಆಜ್ಞೆ. ಸೆಲ್‌ನಲ್ಲಿ ನೇರ ಬರೆದರೆ ಒಪ್ಪುವುದಿಲ್ಲ. ಬಿಲ್ ಮೊತ್ತ ಬಿ ಕಾಲಮಿನಲ್ಲಿದ್ದರೆ ಸಿ2ರಲ್ಲಿ ನಿಂತು, ಕಂಟ್ರೋಲ್ ಎಫ್3 ಒತ್ತಿ ಹೆಸರುಗಳ ಪಟ್ಟಿ (ನೇಮ್ ಮ್ಯಾನೇಜರ್) ತೆರೆದು, 'ಬಣ್ಣ' ಅಂತ ಹೊಸ ಹೆಸರು ಕೊಟ್ಟು =ಗೆಟ್.ಸೆಲ್(63, ಬಿ2) ಬರೆಯಬೇಕು. 63 ಅಂದರೆ ಬಳಿದ ಬಣ್ಣದ ನಂಬರ್ ಕೊಡು ಅಂತ. ಸಿ2ರಲ್ಲಿ =ಬಣ್ಣ ಅಂತ ಹಾಕಿ ಕೆಳಗೆ ಎಳೆದರೆ ಆಯಿತು. ಮೊದಲ ಸಲ, ಒಂದೇ ಸೆಲ್ಲಿಗೆ ಕಟ್ಟಿಹಾಕುವ ಡಾಲರ್ ಗುರುತನ್ನು ($B$2) ತೆಗೆಯಲು ಮರೆತೆ. ಇಡೀ ಕಾಲಮ್ 6, 6, 6! ತೆಗೆದ ಮೇಲೆ ಹಳದಿಗೆ 6, ಬಣ್ಣ ಇಲ್ಲದ್ದಕ್ಕೆ 0. ಸಮ್‌ಇಫ್ ಹಾಕಿ 6 ಇರುವ ಬಿಲ್ಲುಗಳನ್ನಷ್ಟೇ ಕೂಡಿಸಿದೆ, ಮೊತ್ತ ಸಿಕ್ಕಿತು. ತುಂಬಾ ಖುಷಿಯಾಯಿತು. 63ರ ಬದಲು 20 ಕೊಟ್ಟರೆ ಅಕ್ಷರ ದಪ್ಪವೇ ಅಂತ ಹೇಳುತ್ತದೆ, 48 ಕೊಟ್ಟರೆ ಫಾರ್ಮುಲಾ ಇದೆಯೇ ಅಂತ.

ತೊಂದರೆಗಳೂ ಇವೆ. ಬಣ್ಣ ಬದಲಿಸಿದರೆ ನಂಬರ್ ತಾನಾಗಿ ಬದಲಾಗುವುದಿಲ್ಲ. ಫಾರ್ಮುಲಾಕ್ಕೆ +ನೌ()*0 ಸೇರಿಸಿ ಎಫ್9 ಒತ್ತಿ ಮತ್ತೆ ಲೆಕ್ಕ ಮಾಡಿಸಬೇಕು. ಅದಕ್ಕೆ ಗೊತ್ತಿರುವುದು 56 ಬಣ್ಣ ಮಾತ್ರ, ಹತ್ತಿರದ ಎರಡು ಹಸಿರಿಗೆ ಒಂದೇ ನಂಬರ್ ಬರಬಹುದು. ಕಂಡೀಷನಲ್ ಫಾರ್ಮ್ಯಾಟಿಂಗ್ (ಷರತ್ತು ಕೊಟ್ಟರೆ ತಾನಾಗಿ ಬರುವ) ಬಣ್ಣ ಅದಕ್ಕೆ ಕಾಣುವುದೇ ಇಲ್ಲ. ವೈರಸ್ ಬರೆಯುವವರು ಈ ಹಳೆ ಮ್ಯಾಕ್ರೋಗಳನ್ನು ಬಳಸಿಕೊಂಡರು ಅಂತ ಮೈಕ್ರೋಸಾಫ್ಟ್ ಹೊಸ ಎಕ್ಸೆಲ್‌ನಲ್ಲಿ ಇವನ್ನು ಮೊದಲೇ ಬಂದ್ ಮಾಡಿಟ್ಟಿದೆ. ಎಕ್ಸೆಲ್ಲಿನ ಸುರಕ್ಷತೆಯ ಸೆಟ್ಟಿಂಗ್ ಇರುವ ಟ್ರಸ್ಟ್ ಸೆಂಟರ್‌ಗೆ ಹೋಗಿ ಟಿಕ್ ಹಾಕಬೇಕು.

ಇನ್ನೊಂದು ದಾರಿ ವಿಬಿಎ, ಎಕ್ಸೆಲ್ ಒಳಗೇ ಕೋಡ್ ಬರೆಯುವ ಭಾಷೆ. ಅದರಲ್ಲಿ ಇಂಟೀರಿಯರ್.ಕಲರ್ (ಸೆಲ್ಲಿಗೆ ಬಳಿದ ಬಣ್ಣ) ಕೇಳಿದರೆ ಹಳದಿಗೆ 65535 ಬರುತ್ತದೆ. ಛಾಯೆ ಸ್ವಲ್ಪ ಬೇರೆಯಾದರೂ ನಂಬರ್ ಬೇರೆ. ಧಣಿಗಳು ಅರ್ಧ ಕೊಟ್ಟ ಬಿಲ್ಲಿಗೆ ತಿಳಿ ಹಳದಿ ಶುರು ಮಾಡಿದರೆ ನಾನು ಇದಕ್ಕೇ ಹೋಗುತ್ತೇನೆ. ಈಗಿನ ಒಂದೇ ಹಳದಿಗೆ ಕೋಡ್ ಬರೆಯುವುದು ಜಾಸ್ತಿ ಆಯಿತು.

ಹಾಗಾಗಿ ಈ ವರ್ಷಕ್ಕೆ ಗೆಟ್.ಸೆಲ್ಲೇ ಸಾಕು. ಸಿ ಕಾಲಮನ್ನು ವ್ಯಾಲ್ಯೂ ಆಗಿ ಪೇಸ್ಟ್ ಮಾಡಿ, 'ಬಣ್ಣ' ಹೆಸರನ್ನು ಅಳಿಸಿ, ಮ್ಯಾಕ್ರೋ ಇಲ್ಲದ ಮಾಮೂಲಿ ಫೈಲ್ ಮಾಡಿ ಆಡಿಟರ್‌ಗೆ ಕಳಿಸಿದೆ.