ಅಂಗಡಿಯ ಹಬ್ಬದ ತೋರಣ: ಕೌಲ್ ಬಜಾರಿನ ಹೊಲಿಗೆ ಘಟಕವೊಂದರ ಕೆಲಸ

ಬಳ್ಳಾರಿಯ ಬೆಂಗಳೂರು ರಸ್ತೆಯಲ್ಲಿರುವ ನಮ್ಮ ಮಕ್ಕಳ ಉಡುಪಿನ ಅಂಗಡಿಯ ಗಾಜಿನ ಪ್ರದರ್ಶನ ಭಾಗಕ್ಕೆ ತ್ರಿಕೋನ ಬಾವುಟಗಳ ಬಟ್ಟೆಯ ತೋರಣಗಳನ್ನು ಕೌಲ್ ಬಜಾರಿನ ಒಂದು ಚಿಕ್ಕ ಜೀನ್ಸ್ ಹೊಲಿಗೆ ಘಟಕದಲ್ಲಿ ಮಾಡಿಸಿದ್ದೇವೆ. ದಸರೆಗೆ ಕಟ್ಟಿದ್ದು ದೀಪಾವಳಿ ಕಳೆದರೂ ಬಿಗಿಯಾಗಿಯೇ ನಿಂತಿದೆ; ಒಂದು ಬಾವುಟದ ತುದಿಯೂ ಬಿಚ್ಚಿಕೊಂಡಿಲ್ಲ. ಪ್ರತಿ ಹಬ್ಬಕ್ಕೂ ಪ್ಲಾಸ್ಟಿಕ್ ತೋರಣ ಕೊಂಡು ಎಸೆಯುವ ಅಂಗಡಿಯವರು ಈ ಘಟಕದಂಥವರ ಕೆಲಸವನ್ನು ಒಮ್ಮೆ ನೋಡಲೇಬೇಕು.

ತೋರಣದ ಬಾಳಿಕೆ ಬಹುಪಾಲು ಅದರ ಮೇಲಂಚಿನ ಪಟ್ಟಿಯ ಮೇಲೆ ನಿಂತಿದೆ. ಅನೇಕ ದರ್ಜಿಗಳು ರವಿಕೆಯ ಕೊರಳಿಗೆ ಹಚ್ಚುವ ಓರೆ ಪಟ್ಟಿಯನ್ನೇ ಇಲ್ಲಿಗೂ ಬಳಸುತ್ತಾರೆ. ಓರೆಯಾಗಿ ಕತ್ತರಿಸಿದ ಬಟ್ಟೆ ಎಳೆದಷ್ಟೂ ಹಿಗ್ಗುವುದರಿಂದ, ಬಾವುಟಗಳ ಭಾರಕ್ಕೆ ತೋರಣ ಬೇಗನೆ ನಡುವೆ ಜೋತುಬೀಳುತ್ತದೆ. ಈ ಘಟಕದವರು ಬಟ್ಟೆಯ ಉದ್ದದ ಎಳೆಗೆ ನೇರವಾಗಿ ಕತ್ತರಿಸಿದ ಹತ್ತಿಯ ಪಟ್ಟಿಯನ್ನು ಮಡಿಸಿ, ಅದರೊಳಗೆ ಬಾವುಟಗಳನ್ನು ಕೂರಿಸಿ, ಪಾಲಿಯೆಸ್ಟರ್ ದಾರದಲ್ಲಿ ಜೋಡಿ ಹೊಲಿಗೆ ಹಾಕಿದ್ದಾರೆ. ಕಟ್ಟುವ ಕುಣಿಕೆಗಳಿಗಂತೂ ಜೀನ್ಸ್‌ನ ಬೆಲ್ಟ್ ಲೂಪಿಗೆ ಹಾಕುವ, ಒತ್ತೊತ್ತಾದ ಬಿಗಿ ಹೊಲಿಗೆಯಾದ ಬಾರ್‌ಟ್ಯಾಕ್ ಹಾಕಿದ್ದಾರೆ. ಜೀನ್ಸ್ ಹೊಲಿದು ಪಳಗಿದ ಊರಿನ ಕೈಗುಣ ಇಲ್ಲಿ ಕಣ್ಣಿಗೆ ಕಾಣುತ್ತದೆ.

ಅಳತೆಯಲ್ಲೂ ಅವರು ಅಂದಾಜಿಗೆ ಎಡೆಗೊಡಲಿಲ್ಲ. ನಮ್ಮ ಗಾಜಿನ ಅಗಲ 20 ಅಡಿ. 7 ಇಂಚಿನ ಬಾವುಟ, ನಡುವೆ 2 ಇಂಚಿನ ತೆರಪು ಎಂದು ಲೆಕ್ಕ ಹಾಕಿ 26 ಬಾವುಟ ಹಿಡಿಸಿದರು. ಎರಡೂ ತುದಿಗೆ ತಲಾ 4 ಇಂಚು ಉಳಿಯಿತು. ಹೊಲಿಗೆಯ ಅಂಚನ್ನೂ ಸೇರಿಸಿದ ತ್ರಿಕೋನಗಳನ್ನು ಒಂದನ್ನು ನೆಟ್ಟಗೆ, ಇನ್ನೊಂದನ್ನು ತಲೆಕೆಳಗಾಗಿ ಇಟ್ಟು ಗುರುತು ಹಾಕಿದ್ದರಿಂದ 44 ಇಂಚು ಅಗಲದ ತೆಳು ಬಟ್ಟೆಯಾದ ಪಾಪ್ಲಿನ್‌ನಲ್ಲಿ ಸಾಲಿಗೆ 5ರ ಬದಲು 10 ತುಂಡು ಸಿಕ್ಕವು. ಆನೆ, ನವಿಲಿನಂಥ ಚಿತ್ರವಿರುವ ಬಟ್ಟೆಗೆ ಮಾತ್ರ ಈ ಉಳಿತಾಯ ಒಗ್ಗುವುದಿಲ್ಲ, ಅರ್ಧ ಚಿತ್ರಗಳು ತಲೆಕೆಳಗಾಗುತ್ತವೆ. ತುದಿಯ ಚೂಪು ನನಗೆ ಬಹಳ ಹಿಡಿಸಿತು: ಮೂಲೆಯಲ್ಲಿ ಥಟ್ಟನೆ ತಿರುಗಿಸದೆ ಒಂದು ಟಾಕು ಅಡ್ಡಲಾಗಿ ಹೊಲಿದು, ಹೆಚ್ಚಿನ ಬಟ್ಟೆಯನ್ನು ಹೊಲಿಗೆಯ ಹತ್ತಿರದವರೆಗೂ ಕತ್ತರಿಸಿ, ಆಮೇಲೆ ಮಗುಚಿ ಇಸ್ತ್ರಿ ಮಾಡುತ್ತಾರೆ. ಹಾಗಾಗಿ ತುದಿಯಲ್ಲಿ ಗಂಟು ನಿಲ್ಲುವುದಿಲ್ಲ.

ಒಂದೇ ತೋರಣ ಎರಡು ಹಬ್ಬಕ್ಕೆ ಆಗಲೆಂದು ಒಂದು ಮಗ್ಗುಲು ಚೆಂಡುಹೂವಿನ ಹಳದಿ, ಇನ್ನೊಂದು ಮಗ್ಗುಲು ಮಾವಿನೆಲೆಯ ಹಸಿರು ಕೇಳಿದ್ದೆವು. ಮಾದರಿಯನ್ನು ಗಾಜಿನ ಒಳಗಿನ ದೀಪಕ್ಕೆ ಹಿಡಿದಾಗ ಹಳದಿಯ ಮೇಲೆ ಹಸಿರಿನ ನೆರಳು ಕೊಳೆಯಂತೆ ಕಂಡಿತು. ಅವರು ನಡುವೆ ತೆಳು ಬಿಳಿ ಅಸ್ತರು ಸೇರಿಸಿದರು. ನೆರಳು ಹೋಯಿತು, ತೋರಣ ತುಸು ಭಾರವಾಯಿತು. ಸಂಡೂರಿನ ಲಂಬಾಣಿ ಕಸೂತಿಯ ತುಂಡುಗಳನ್ನೂ ಸಾಲಿನಲ್ಲಿ ಸೇರಿಸಬೇಕೆಂಬ ನನ್ನ ಆಸೆಯನ್ನು ಅವರು ಒಪ್ಪಲಿಲ್ಲ. ಕನ್ನಡಿಗಳ ಭಾರಕ್ಕೆ ಪಾಪ್ಲಿನ್ ಸುಕ್ಕಾಗುತ್ತದೆ, ಅವನ್ನು ಹಿಂದಿನ ಗೋಡೆಗೆ ಬೇರೆಯಾಗಿ ತೂಗುಹಾಕಿ ಎಂದರು. ಬಂದ ಕೆಲಸಕ್ಕೆಲ್ಲ ಹೂಂಗುಟ್ಟದ ಈ ನೇರ ಮಾತು ನನ್ನ ಮೆಚ್ಚುಗೆಯನ್ನು ಹೆಚ್ಚಿಸಿತು.

ಕೊರತೆಗಳಿಲ್ಲದಿಲ್ಲ. ಮೊದಲ ಮಾದರಿಯನ್ನು ಡೆನಿಮ್‌ನ 18ನೇ ನಂಬರಿನ ಸೂಜಿಯಲ್ಲೇ ಹೊಲಿದಿದ್ದರಿಂದ ಪಾಪ್ಲಿನ್ ಮೇಲೆ ರಂಧ್ರಗಳು ಎದ್ದು ಕಾಣುತ್ತಿದ್ದವು. ಹೇಳಿದ ಮೇಲೆ 11ಕ್ಕೆ ಬದಲಾಯಿಸಿದರು. ಬಟ್ಟೆಯನ್ನು ಮೊದಲೇ ನೀರಿಗೆ ಹಾಕಿ ಒಣಗಿಸುವ ರೂಢಿ ಅಲ್ಲಿಲ್ಲ, ಆದ್ದರಿಂದ ಕುಗ್ಗುವ ಹತ್ತಿ ಬಟ್ಟೆಯಾದರೆ ನಾವೇ ನೆನೆಸಿ ಕೊಡಬೇಕು. ಹಬ್ಬ ಹತ್ತಿರ ಬಂದಾಗ ಜೀನ್ಸ್ ಆರ್ಡರುಗಳೇ ಮುಂದಾಗಿ ಇಂಥ ಸಣ್ಣ ಕೆಲಸ ಹಿಂದೆ ಬೀಳುತ್ತದೆ. ದಸರೆಗೆ ಬೇಕಿದ್ದರೆ ಗಣೇಶ ಚೌತಿಗೆ ಮುಂಚೆಯೇ ಕೊಟ್ಟುಬಿಡುವುದು ಲೇಸು.

ಹೊಲಿಗೆ ಕೂಲಿ ಬಾವುಟವೊಂದಕ್ಕೆ 18 ರೂಪಾಯಿ, ಬಟ್ಟೆ ನಮ್ಮದು. ಮೇಲ್ನೋಟಕ್ಕೆ ಪ್ಲಾಸ್ಟಿಕ್‌ಗಿಂತ ದುಬಾರಿಯೇ, ಆದರೆ ಒಗೆದು ಮತ್ತೆ ಕಟ್ಟುವ ವಸ್ತುವಿಗೆ ಇದು ನ್ಯಾಯವಾದ ದರ. ಅಂಗಡಿ ಪಡುವಣಕ್ಕೆ ಮುಖ ಮಾಡಿದ್ದರೆ ನಮ್ಮೂರಿನ ಬಿಸಿಲಿಗೆ ಬಣ್ಣ ಬೇಗ ಮಾಸುತ್ತದೆ. ಅಂಥವರು ತೋರಣವನ್ನು ಗಾಜಿನಿಂದ ಒಂದೆರಡು ಅಡಿ ಒಳಗೆ ಕಟ್ಟುವುದು ಒಳ್ಳೆಯದು.